ಟಿಬಿ ಮುಕ್ತ ಪಂಚಾಯಿತಿಗೂ ವಿಶ್ವಸಂಸ್ಥೆಗೂ ಏನು ಸಂಬಂಧ?

ಪಂಚಾಯಿತಿ_ಸದಸ್ಯೆ:
ಎಲ್ಲರಿಗೂ ನಮಸ್ಕಾರ. ಗ್ರಾಮ ಪಂಚಾಯಿತಿಗೆ ಮೊದಲ ಸಲ ಗೆದ್ದು ಬಂದವಳು ನಾನು. ಮೊನ್ನೆ ತಾಲ್ಲೂಕಿನಲ್ಲಿ ನಮಗೆ ತರಬೇತಿ ಇತ್ತು. ಬೆಳಿಗ್ಗೆ ಪರದೆ ಮೇಲೆ ಬಣ್ಣದ ಚಕ್ರ ತೋರಿಸಿ, ‘ಸುಸ್ಥಿರ ಅಭಿವೃದ್ಧಿ ಗುರಿಗಳು ಒಟ್ಟು 17’ ಅಂದರು. ಊಟ ಆದ ಮೇಲೆ ‘ನಿಮ್ಮ ಪಂಚಾಯಿತಿ ಟಿಬಿ ಮುಕ್ತ ಅಂತ ಅರ್ಜಿ ಹಾಕಿ’ ಅಂದರು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ.

ಈಗ ನಮ್ಮಲ್ಲಿ ಒಂದು ತಕರಾರು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಹುಡುಗ ಟಿಬಿ ಹತ್ತಿಸಿಕೊಂಡು ಊರಿಗೆ ಬಂದಿದ್ದಾನೆ. ಅವನ ಹೆಸರು ಇಲ್ಲಿ ಬರೆಸಿದರೆ ಸರ್ಟಿಫಿಕೇಟ್ ಕೈತಪ್ಪುತ್ತೆ ಅಂತ ಕೆಲವು ಸದಸ್ಯರು ಹಟ ಹಿಡಿದಿದ್ದಾರೆ. ತಿಳಿದವರು ಹೇಳಿ.

ತಾಲ್ಲೂಕು_ಎಸ್‌ಟಿಎಸ್:
ಮೇಡಂ, ಮೊದಲು ಆ ಹುಡುಗನ ಹೆಸರು ಇಲ್ಲೇ ಬರೆಸಿ. ಅವನು ಮಾತ್ರೆ ನುಂಗೋದು ಇಲ್ಲಿ, ಕೆಮ್ಮೋದೂ ಇಲ್ಲಿ. ಬೆಂಗಳೂರಲ್ಲಿ ದಾಖಲಾಗಿದ್ದರೆ ಟಿಬಿ ರೋಗಿಗಳ ಹೆಸರು ದಾಖಲಿಸುವ ಸರ್ಕಾರಿ ‘ನಿಕ್ಷಯ್’ ಪೋರ್ಟಲ್‌ನಲ್ಲಿ ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು.

ಇನ್ನು ನಿಮ್ಮ ಪ್ರಶ್ನೆ. ನಾನು ಬಯಲುಸೀಮೆಯ ತಾಲ್ಲೂಕೊಂದರಲ್ಲಿ ಟಿಬಿ ಚಿಕಿತ್ಸೆಯ ಮೇಲ್ವಿಚಾರಕ (ಎಸ್‌ಟಿಎಸ್). 2015ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಒಪ್ಪಿದ ಆ 17 ಗುರಿಗಳಲ್ಲಿ ಮೂರನೆಯದು ಆರೋಗ್ಯ. 2030ರೊಳಗೆ ಏಡ್ಸ್, ಮಲೇರಿಯಾ, ಕ್ಷಯ ಇವನ್ನೆಲ್ಲ ಕೊನೆಗಾಣಿಸಬೇಕು ಅನ್ನೋದು ಅದರ ಒಳಗಿನ ಒಂದು ಸಾಲು. 2018ರಲ್ಲಿ ದೆಹಲಿಯಲ್ಲಿ ನಮ್ಮ ಪ್ರಧಾನಿ, ‘ಭಾರತ 2025ಕ್ಕೇ ಮುಗಿಸುತ್ತೆ’ ಅಂತ ಘೋಷಿಸಿದರು. ಅಲ್ಲಿಂದ ನಮಗೆ ನಿದ್ದೆ ಇಲ್ಲ! ಪಂಚಾಯತ್ ರಾಜ್ ಸಚಿವಾಲಯ ಆ 17 ಗುರಿಗಳನ್ನು 9 ವಿಷಯಗಳಾಗಿ ಇಳಿಸಿ ಹಳ್ಳಿಗೆ ತಂದಿತು. ‘ಆರೋಗ್ಯಕರ ಗ್ರಾಮ’ ಅದರಲ್ಲಿ ಒಂದು. ನಿಮ್ಮ ಅರ್ಜಿ ಆ ದಾರಿಯಲ್ಲಿ ಬಂದದ್ದು.

ಗುರಿ ಬಂದಿದ್ದರಿಂದ ಲಾಭ ಆಗಿಲ್ಲ ಅನ್ನಲಾರೆ. ಮೊದಲು ಕಫವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಿತ್ತು. ಈಗ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಟ್ರೂನ್ಯಾಟ್ ಯಂತ್ರ ಇದೆ, ರಿಫಾಂಪಿಸಿನ್ ಔಷಧಿಗೆ ರೋಗ ಬಗ್ಗುತ್ತೋ ಇಲ್ಲವೋ ಅಂತಲೂ ಹೇಳುತ್ತೆ. 2018ರಿಂದ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ 1000 ಆಗಿದೆ.

ತೊಡಕು ಇರೋದು ಸರ್ಟಿಫಿಕೇಟ್ ಲೆಕ್ಕದಲ್ಲಿ. ಸಾವಿರ ಜನಕ್ಕೆ ಕನಿಷ್ಠ 30 ಮಂದಿಗೆ ಪರೀಕ್ಷೆ ಆಗಿರಬೇಕು. ಆದರೆ ಸಾವಿರಕ್ಕೆ ಒಬ್ಬರಿಗಿಂತ ಜಾಸ್ತಿ ರೋಗಿ ಸಿಕ್ಕಿರಬಾರದು. ಚೆನ್ನಾಗಿ ಹುಡುಕಿ, ಆದರೆ ಸಿಗದಿರಲಿ! ಹಾಗಾಗಿ ವರ್ಷದ ಕೊನೆಗೆ ಏನಾಗುತ್ತೆ ಗೊತ್ತಾ? ಕೆಮ್ಮೇ ಇಲ್ಲದವರ ಕೈಗೂ ಕಫದ ಡಬ್ಬಿ ಕೊಡುತ್ತಾರೆ. ಅವರು ಸುಮ್ನೆ ಎಂಜಲು ಉಗಿದು ಕೊಡುತ್ತಾರೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಸಿರು ಎಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೇಕು ನಮಗೆ. ಡಬ್ಬಿ ಅಲ್ಲಾಡಿಸಿದರೆ ನೀರಿನ ಹಾಗೆ ಆಡುತ್ತೆ ಇವರದು. ಲೆಕ್ಕಕ್ಕೆ ಮಾತ್ರ ಅದೂ ಒಂದು ಪರೀಕ್ಷೆ. ಪಾಪ, ಆಶಾ ಕಾರ್ಯಕರ್ತೆಯರನ್ನು ಬೈದು ಪ್ರಯೋಜನ ಇಲ್ಲ, ಸಂಜೆಯೊಳಗೆ ಸಂಖ್ಯೆ ಕಳಿಸಿ ಅಂತ ಮೇಲಿಂದ ಮೆಸೇಜು ಬಂದಿರುತ್ತೆ.

ಸಾವಿರಕ್ಕೆ ಒಬ್ಬರು ಅನ್ನೋ ಎರಡನೇ ಲೆಕ್ಕದ ಫಲ ನಿಮ್ಮ ಸದಸ್ಯರ ಬಾಯಲ್ಲೇ ಬಂದಿದೆ. ರೋಗಿ ಅಂದರೆ ಅವರಿಗೆ ಈಗ ಕಳೆದುಕೊಳ್ಳುವ ಅಂಕ.

ನಿವೃತ್ತ_ಮೇಷ್ಟ್ರು:
2025 ಮುಗಿದೇ ಹೋಯ್ತಲ್ಲ ಸ್ವಾಮಿ, ಟಿಬಿ ಎಲ್ಲಿ ಹೋಯ್ತು? ಇವೆಲ್ಲ ಫೋಟೋ ತೆಗೆಸಿಕೊಳ್ಳೋಕೆ ಅಷ್ಟೇ.

ತಾಲ್ಲೂಕು_ಎಸ್‌ಟಿಎಸ್:
ಮೇಷ್ಟ್ರೇ, ಹೋಗಿಲ್ಲ, ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2015ರಲ್ಲಿ ಲಕ್ಷ ಜನಕ್ಕೆ 237 ಹೊಸ ರೋಗಿಗಳಿದ್ದರು, 2024ಕ್ಕೆ 187. ಶೇ. 21ರಷ್ಟು ಇಳಿಕೆ. ‘ಮುಗಿಸೋದು’ ಅಂದರೆ 2025ಕ್ಕೆ ಇಳಿಯಬೇಕಿದ್ದದ್ದು ಶೇ. 80. ಆದರೆ ಇಡೀ ಜಗತ್ತಿನಲ್ಲಿ ಆದ ಇಳಿಕೆಗಿಂತ ಇದು ಜಾಸ್ತಿಯೇ. ದಿನಾಂಕ ಮೊದಲೇ ಸಾರದೆ ಇದನ್ನೇ ಮಾಡಿದ್ದರೆ ನೀವೂ ಭೇಷ್ ಅನ್ನುತ್ತಿದ್ದಿರಿ, ಅಲ್ವಾ?

ಮಂಗಳೂರು_ನರ್ಸ್:
ಗುರಿ ಮುಟ್ಟದ್ದಕ್ಕೆ ಒಂದು ಕಾರಣ ಊಟ. ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತಿತರರು ಜಾರ್ಖಂಡ್‌ನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಬಂತು. ರೋಗಿಯ ಮನೆಯ ಉಳಿದವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆ ಆಯಿತು. ಗುರಿಗಳ ಚಕ್ರದಲ್ಲಿ ಹಸಿವು ಎರಡನೆಯದು, ಆರೋಗ್ಯ ಮೂರನೆಯದು. ಇಲಾಖೆಗಳು ಮಾತ್ರ ಬೇರೆ ಬೇರೆ, ಒಬ್ಬರ ಫೈಲು ಇನ್ನೊಬ್ಬರ ಮೇಜಿಗೆ ಬರೋದಿಲ್ಲ.

ಪಂಚಾಯಿತಿ_ಸದಸ್ಯೆ:
ನಮ್ಮ ಪಂಚಾಯಿತಿಯಲ್ಲಿ ಆರು ಸಾವಿರ ಜನ ಇದ್ದಾರೆ ಸರ್. ಈ ವರ್ಷ ಇವನು ಮೂರನೆಯ ರೋಗಿ. ಹಾಗಾದರೆ ಸರ್ಟಿಫಿಕೇಟಿಗೂ ತೊಂದರೆ ಇಲ್ಲವಲ್ಲ?

ತಾಲ್ಲೂಕು_ಎಸ್‌ಟಿಎಸ್:
ರೋಗಿಗಳ ಲೆಕ್ಕದಲ್ಲಿ ತೊಂದರೆ ಇಲ್ಲ, ಆರು ಜನರವರೆಗೂ ನಡೆಯುತ್ತೆ. ಆದರೆ ಚಿಕಿತ್ಸೆ ಶುರು ಮಾಡಿದವರಲ್ಲಿ ಶೇ. 85 ಮಂದಿ ಗುಣ ಆಗಿರಬೇಕು ಅಂತಲೂ ಇದೆ. ಮೂವರಲ್ಲಿ ಒಬ್ಬ ನಡುವೆ ಮಾತ್ರೆ ಬಿಟ್ಟರೂ ಅಲ್ಲಿ ಸಿಕ್ಕಿಕೊಳ್ಳುತ್ತೀರಿ. ನಿಮ್ಮ ಸದಸ್ಯರಿಗೆ ಇದನ್ನೇ ಹೇಳಿ, ಅವನ ಹೆಸರು ಮುಚ್ಚಿಡೋದಕ್ಕಿಂತ ಅವನು ಆರು ತಿಂಗಳು ಮಾತ್ರೆ ಬಿಡದ ಹಾಗೆ ನೋಡಿಕೊಳ್ಳೋದರಲ್ಲೇ ಅವರ ಲಾಭ ಇದೆ. ಮತ್ತೆ ಸೋಮವಾರ ಆಸ್ಪತ್ರೆಗೆ ಅವನನ್ನೊಬ್ಬನನ್ನೇ ಕಳಿಸಬೇಡಿ. ಮನೆಯವರೆಲ್ಲರೂ ಬರಲಿ, ಅವರಿಗೂ ಪರೀಕ್ಷೆ ಮಾಡಬೇಕು, ರೋಗ ಬಾರದ ಹಾಗೆ ಮಾತ್ರೆ ಕೊಡುವುದೂ ಇದೆ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತರೋಕೆ ಹೇಳಿ.