ಮರುಭೂಮಿಯಲ್ಲಿ ಮ್ಯಾಮತ್: ‘10,000 ಬಿ.ಸಿ.’ ಅಷ್ಟೊಂದು ಕೆಟ್ಟ ಚಿತ್ರವೇ?

ದಂತಕಥೆ: ರೋಲ್ಯಾಂಡ್ ಎಮರಿಕ್ ನಿರ್ದೇಶನದ ‘10,000 ಬಿ.ಸಿ.’ (2008) ಚಿತ್ರವನ್ನು ಮತ್ತೊಮ್ಮೆ ನೋಡಿದೆ. ತೆರೆಗೆ ಬಂದ ವರ್ಷ ವಿಮರ್ಶಕರು ಅದನ್ನು ಹೂತುಹಾಕಿದ್ದು ಅನ್ಯಾಯ ಎಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಒಂದು ದೃಶ್ಯ ಸಾಕು. ಬೇಟೆಗಾರ ಡಿಲೆ ಹೊಂಡಕ್ಕೆ ಬೀಳುತ್ತಾನೆ. ಅದೇ ಹೊಂಡದಲ್ಲಿ ಕತ್ತಿಹಲ್ಲಿನ ಹುಲಿಯೊಂದು ಮರದ ದಿಮ್ಮಿಗಳ ಕೆಳಗೆ ಸಿಕ್ಕಿಕೊಂಡಿದೆ. ಮಳೆನೀರು ಏರುತ್ತಿದೆ, ಹುಲಿ ಮುಳುಗುವ ಹೊತ್ತು. ಕೊಲ್ಲಬಹುದಾಗಿದ್ದವನು ಅದರೊಡನೆ ಮಾತನಾಡುತ್ತಾನೆ, ನಿನ್ನನ್ನು ಉಳಿಸಿದರೆ ನನ್ನನ್ನು ತಿನ್ನಬೇಡ ಎಂದು ಕೇಳಿಕೊಂಡು ಬಿಡಿಸುತ್ತಾನೆ. ಹಿಮಯುಗದ ಮನುಷ್ಯನಿಗೂ ಮೃಗಕ್ಕೂ ಇದ್ದ ಭಯಭಕ್ತಿಯ ನಂಟನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ. ಜಗತ್ತಿನಾದ್ಯಂತ ಸುಮಾರು 27 ಕೋಟಿ ಡಾಲರ್ ಗಳಿಸಿದ ಚಿತ್ರ ಇದು. ಜನ ಸುಮ್ಮನೆ ನೋಡಲಿಲ್ಲ.

ಕಲ್ಲುಕೊಡಲಿ: ಗಳಿಕೆಯನ್ನು ಗುಣದ ಲೆಕ್ಕಕ್ಕೆ ಸೇರಿಸಬೇಡಿ. ಕ್ರಿ.ಪೂ. 10,000 ಎಂದು ಹೆಸರಿನಲ್ಲೇ ಬರೆದುಕೊಂಡ ಚಿತ್ರದಲ್ಲಿ ಗುಲಾಮರು ಪಿರಮಿಡ್ ಕಟ್ಟುತ್ತಿದ್ದಾರೆ. ಗೀಜಾದ ಮಹಾ ಪಿರಮಿಡ್ ಕ್ರಿ.ಪೂ. 2600ರ ಆಸುಪಾಸಿನದು. ಏಳು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರ! ಸಾಲದ್ದಕ್ಕೆ ಕುದುರೆ ಸವಾರರು ಬೇರೆ. ಕುದುರೆಯನ್ನು ಪಳಗಿಸಿದ್ದು ಎಷ್ಟೋ ಸಾವಿರ ವರ್ಷಗಳ ನಂತರ. ಎಲ್ಲಕ್ಕಿಂತ ಅಸಹನೀಯವೆಂದರೆ ಇಳಿಜಾರಿನಲ್ಲಿ ಬಂಡೆ ಎಳೆಯುವ, ಮೈತುಂಬ ಕೂದಲಿನ ಹಿಮಯುಗದ ಆನೆಗಳಾದ ಮ್ಯಾಮತ್‌ಗಳು. ಪಿರಮಿಡ್‌ಗಳ ಕಾಲಕ್ಕೂ ಮ್ಯಾಮತ್‌ಗಳ ಕಾಲಕ್ಕೂ ಯಾವ ಸಂಬಂಧವೂ ಇಲ್ಲ.

ಹಿಮಗಾಳಿ: “ಯಾವ ಸಂಬಂಧವೂ ಇಲ್ಲ” ಎಂಬುದು ತಪ್ಪು. ಸೈಬೀರಿಯಾದ ಉತ್ತರಕ್ಕೆ ಆರ್ಕ್ಟಿಕ್ ಸಾಗರದಲ್ಲಿರುವ ರಾಂಗೆಲ್ ದ್ವೀಪದಲ್ಲಿ ಸುಮಾರು 4,000 ವರ್ಷಗಳ ಹಿಂದಿನವರೆಗೂ ಮ್ಯಾಮತ್‌ಗಳು ಬದುಕಿದ್ದವು. ಮಹಾ ಪಿರಮಿಡ್ ಕಟ್ಟಿ ಆಗಲೇ ಐದಾರು ಶತಮಾನ ಕಳೆದಿತ್ತು.

ಕಲ್ಲುಕೊಡಲಿ: ಈ ರಾಂಗೆಲ್ ಕತೆ ಬರುತ್ತದೆಂದು ನನಗೆ ಗೊತ್ತಿತ್ತು! ಸಮುದ್ರ ಏರಿ ಸುಮಾರು 10,000 ವರ್ಷಗಳ ಹಿಂದೆಯೇ ಮುಖ್ಯಭೂಮಿಯಿಂದ ಕಡಿದುಹೋದ ದ್ವೀಪ ಅದು. ಅಲ್ಲಿ ಸಿಕ್ಕಿರುವ ಮನುಷ್ಯರ ಕುರುಹುಗಳೇ ಮ್ಯಾಮತ್‌ಗಳು ಅಳಿದ ನಂತರದವು. ಯಾರೂ ಕಾಣದ ಆ ಪ್ರಾಣಿಗಳನ್ನು ಹಿಡಿದು ತಂದು ಪಿರಮಿಡ್‌ನ ಇಳಿಜಾರು ಹತ್ತಿಸಿದವರು ಯಾರು?

ಹಿಮಗಾಳಿ: ಹತ್ತಿಸಿದರು ಎಂದು ನಾನು ಹೇಳಿಲ್ಲ. ನೀವು ಬರೆದದ್ದು “ಕಾಲ” ಎಂಬ ಪದ. ಕಾಲದ ಮಟ್ಟಿಗೆ ಎರಡೂ ಒಟ್ಟಿಗಿದ್ದವು. ನಿಮ್ಮ ವಾಕ್ಯ ತಪ್ಪು, ತಿದ್ದಿ.

ದಂತಕಥೆ: ನೋಡಿ, ಎಲ್ಲರೂ ಅಸಾಧ್ಯ ಎನ್ನುತ್ತಿದ್ದುದು ಅಸಾಧ್ಯವಲ್ಲ ಎಂದಾಯಿತು. ಇನ್ನು ಹಿಡಿದು ತಂದವರು ಯಾರು ಎಂಬ ಪ್ರಶ್ನೆ. ಮ್ಯಾಮತ್‌ಗೆ ಅತಿ ಹತ್ತಿರದ ಜೀವಂತ ಬಂಧು ಏಷ್ಯಾದ ಆನೆ. ಆಫ್ರಿಕಾದ ಆನೆಗಿಂತಲೂ ಹತ್ತಿರ ಎಂದು ವಂಶವಾಹಿಗಳೇ ಹೇಳುತ್ತವೆ. ಆನೆಯನ್ನು ಹಸುವಿನಂತೆ ಮನೆಯಲ್ಲೇ ತಳಿಯೆಬ್ಬಿಸಿ ಸಾಕಿದವರಿಲ್ಲ. ಕಾಡಿನಿಂದ ಹಿಡಿದರು, ಪಳಗಿಸಿದರು, ಅಷ್ಟೇ. ಕ್ರಿ.ಪೂ. 218ರಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಆನೆಗಳನ್ನು ಆಲ್ಪ್ಸ್ ಪರ್ವತವನ್ನೇ ದಾಟಿಸಿದ. ಬಂಧು ಪಳಗುತ್ತದೆಂದಾದರೆ ಮ್ಯಾಮತ್ ಏಕೆ ಪಳಗಬಾರದು?

ಕಲ್ಲುಕೊಡಲಿ: “ಬಂಧು” ಎಂಬ ಒಂದೇ ಪದ ಹಿಡಿದು ಎಷ್ಟು ದೂರ ಹೋಗುತ್ತೀರಿ? ಮೈಕಟ್ಟು ನೋಡಿ. ಆನೆ ಮೊರದಗಲದ ಕಿವಿ ಬೀಸಿ ಮೈಯ ಬಿಸಿ ಕಳೆದುಕೊಳ್ಳುತ್ತದೆ. ಮ್ಯಾಮತ್‌ನ ಕಿವಿ ಚಿಕ್ಕದು, ಬಾಲವೂ ಮೊಟಕು, ಶಾಖ ಹೊರಗೆ ಹೋಗಬಾರದೆಂದೇ ಹಾಗಿರುವುದು. ಚರ್ಮದಡಿ ದಪ್ಪ ಕೊಬ್ಬು, ಮೇಲೆ ಎರಡು ಪದರ ಕೂದಲು. ರಕ್ತದ ಹಿಮೋಗ್ಲೋಬಿನ್ ಕೂಡ ಚಳಿಯಲ್ಲಿ ಆಮ್ಲಜನಕ ಬಿಟ್ಟುಕೊಡಲು ಮಾರ್ಪಟ್ಟಿತ್ತು. ಅಂಥ ಪ್ರಾಣಿಯನ್ನು ಸುಡುಬಿಸಿಲಿನ ಮರಳಿನಲ್ಲಿ ನಿಲ್ಲಿಸಿ ಬಂಡೆ ಎಳೆಸಿದರೆ ಎಷ್ಟು ದಿನ ಬದುಕೀತು? ಕಿವಿ ಚಿಕ್ಕದೆಂದು ತಿಳಿಯಲು ಪುಸ್ತಕವೇ ಬೇಕಿಲ್ಲ, ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಕೂದಲು ಸಮೇತ ಸಿಕ್ಕ ಮರಿಗಳನ್ನು ನೋಡಿದರೆ ಸಾಕು.

ಕಿಡಿ: ನೀವೆಲ್ಲ ಮ್ಯಾಮತ್‌ನ ಕಿವಿ ಅಳೆಯುತ್ತಿದ್ದೀರಿ. ಮೊದಲ ಬರಹದ “ಇನ್ನೊಂದಿಲ್ಲ” ಎಂಬ ಮಾತನ್ನು ಯಾರೂ ಕೇಳಲಿಲ್ಲವಲ್ಲ! ಜಾನ್ ಜಾಕ್ ಆನೋ ಅವರ ‘ಕ್ವೆಸ್ಟ್ ಫಾರ್ ಫೈರ್’ 1981ರಲ್ಲೇ ಬಂದಿದೆ. ಅದರ ಬುಡಕಟ್ಟುಗಳಿಗಾಗಿ ಕಾದಂಬರಿಕಾರ ಆಂಥನಿ ಬರ್ಜೆಸ್ ಭಾಷೆ ರೂಪಿಸಿದರು, ಪ್ರಾಣಿಶಾಸ್ತ್ರಜ್ಞ ಡೆಸ್ಮಂಡ್ ಮಾರಿಸ್ ಮೈಯ ಚಲನೆ, ಸನ್ನೆಗಳನ್ನು ರೂಪಿಸಿದರು. ಪ್ರಸಾಧನಕ್ಕೆ ಆಸ್ಕರ್ ಬಂತು. ಬೆಂಕಿ ಕಾಯ್ದಿಡಲು ಮಾತ್ರ ಬಲ್ಲ ಗಂಡಸರ ಎದುರು ಬೇರೆ ಬುಡಕಟ್ಟಿನವರು ಕಡ್ಡಿಯನ್ನು ಅಂಗೈಗಳ ನಡುವೆ ಹೊಸೆದು ಕಿಡಿ ಎಬ್ಬಿಸುತ್ತಾರೆ. ನೋಡುತ್ತಿರುವವನ ಮುಖದಲ್ಲಿ ಕಣ್ಣೀರು. ಮಾತೇ ಇಲ್ಲ. ಎಮರಿಕ್ ಚಿತ್ರದ ಬೇಟೆಗಾರರು ಇಂಗ್ಲಿಷ್ ಮಾತನಾಡುತ್ತಾರೆ, ಅದೂ ಸಾಲದೆಂದು ಓಮರ್ ಷರೀಫ್ ಧ್ವನಿಯಲ್ಲಿ ಎಲ್ಲವನ್ನೂ ವಿವರಿಸಲಾಗುತ್ತದೆ.

ದಂತಕಥೆ: ಓಮರ್ ಷರೀಫ್ ಧ್ವನಿಯೇ ಆ ಚಿತ್ರದ ಜೀವ! ಬೆಂಕಿಯ ಸುತ್ತ ಕುಳಿತ ಮಕ್ಕಳಿಗೆ ಅಜ್ಜ ಹೇಳುವ ಕತೆಯಂತೆ ಅದು ಸಾಗುತ್ತದೆ. ಅಂದ ಹಾಗೆ ನಿಮ್ಮ 1981ರ ಚಿತ್ರದ ಮ್ಯಾಮತ್‌ಗಳು ಕೂದಲು ಹೊದಿಸಿದ ಆನೆಗಳು.

ಕಿಡಿ: ಹೌದು, ಜೀವಂತ ಆನೆಗಳು. ಆದ್ದರಿಂದಲೇ ಹುಲ್ಲಿನ ಹಿಡಿ ನೀಡುತ್ತ ಹೆದರಿ ಹತ್ತಿರ ಹೋಗುವ ಮನುಷ್ಯನ ದೃಶ್ಯ ನಂಬುವಂತಿದೆ. ಕಂಪ್ಯೂಟರ್ ಕೂದಲಿನ ಹಿಂಡು ಎಷ್ಟು ದೊಡ್ಡದಾದರೂ ಆ ಉಸಿರು ಬರುವುದಿಲ್ಲ.

ಮೊದಲಸಾಲು: ಹಿಂಡಿನ ವಿಷಯದಲ್ಲಿ ಒಪ್ಪುವುದಿಲ್ಲ. ಬೇಟೆಯ ದೃಶ್ಯ ನೆನಪಿಸಿಕೊಳ್ಳಿ. ಬಲೆಗೆ ಸಿಕ್ಕ ಸಲಗ ಡಿಲೆಯನ್ನೂ ಎಳೆದುಕೊಂಡು ಓಡುತ್ತದೆ, ಕೊನೆಗೆ ನೆಟ್ಟಗೆ ನಿಂತ ಈಟಿಯ ಮೇಲೆ ತಾನೇ ಬೀಳುತ್ತದೆ. ಊರೆಲ್ಲ ಅವನನ್ನು ವೀರ ಎನ್ನುತ್ತದೆ, ಅದು ಆಕಸ್ಮಿಕ ಎಂದು ಅವನಿಗೆ ಗೊತ್ತು. ಬಹುಮಾನವಾಗಿ ಬಂದ ಬಿಳಿ ಈಟಿಯನ್ನು ಹಿಂದಿರುಗಿಸುತ್ತಾನೆ. ಡಿಲೆ (D'Leh) ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಜರ್ಮನ್ ಭಾಷೆಯಲ್ಲಿ ವೀರ ಎಂಬರ್ಥದ ಪದ ಬರುತ್ತದೆ. ಚಿತ್ರಕತೆಯಲ್ಲಿ ಇಷ್ಟು ಒಳ್ಳೆಯ ಬೀಜವಿತ್ತು. ನನ್ನ ಸಿಟ್ಟು ಕೊನೆಯ ಬಗ್ಗೆ. ಬಾಣ ತಗುಲಿ ಸತ್ತ, ಡಿಲೆಯ ಪ್ರೇಯಸಿ ಎವೊಲೆಟ್‌ಗೆ ದೂರದಲ್ಲಿರುವ, ಡಿಲೆಯ ಬುಡಕಟ್ಟಿನ ಮುದುಕಿ ತನ್ನ ಉಸಿರು ಕೊಟ್ಟು ಬದುಕಿಸುತ್ತಾಳೆ. ಸಾವಿಗೆ ಬೆಲೆಯೇ ಇಲ್ಲದಿದ್ದರೆ ನಾನೇಕೆ ಎರಡು ಗಂಟೆ ಹೆದರಿಕೊಂಡು ಕೂರಬೇಕು?

ಕಲ್ಲುಕೊಡಲಿ: “ಒಳ್ಳೆಯ ಬೀಜ” ಈಜಿಪ್ಟಿನ ಮರಳಿನಲ್ಲಿ ಮೊಳೆಯುವುದಿಲ್ಲ. ಹಿಮಗಾಳಿಯವರೇ, ನನ್ನ ವಾಕ್ಯಕ್ಕೆ “ಈಜಿಪ್ಟಿನಲ್ಲಿ” ಎಂದು ಸೇರಿಸಿ ಓದಿಕೊಳ್ಳಿ. ಆಗಲಾದರೂ ಸಮಾಧಾನವೇ?

ಹಿಮಗಾಳಿ: ಅಂದರೆ ತಿದ್ದಿದಿರಿ.

ಕಲ್ಲುಕೊಡಲಿ: ತಿದ್ದಿಲ್ಲ, ಬಿಡಿಸಿ ಹೇಳಿದ್ದೇನೆ.

ದಂತಕಥೆ: ಈಜಿಪ್ಟ್? ಅದು ಈಜಿಪ್ಟ್ ಎಂದು ಚಿತ್ರದಲ್ಲಿ ಎಲ್ಲಿ ಹೇಳಿದ್ದಾರೆ? ಚರಿತ್ರೆಗೆ ಸಿಗದ, ಹೆಸರು ಅಳಿದುಹೋದ ಒಂದು ನಾಗರಿಕತೆ ಅದು. ಆ ಕಾಲದವರು ಕಲ್ಲು ಕಟ್ಟಲಾರರು ಎನ್ನುತ್ತೀರಾದರೆ ಗೋಬೆಕ್ಲಿ ತೆಪೆಗೆ ಏನು ಹೇಳುತ್ತೀರಿ? ಟರ್ಕಿಯ ಆಗ್ನೇಯದಲ್ಲಿ, ಕ್ರಿ.ಪೂ. 9500ರ ಸುಮಾರಿಗೆ, ಬೇಟೆಯಾಡಿ ಬದುಕುತ್ತಿದ್ದವರು ಐದು ಮೀಟರಿಗೂ ಎತ್ತರದ ಕಲ್ಲುಕಂಬಗಳನ್ನು ಕಡೆದು ನಿಲ್ಲಿಸಿದರು, ಮೇಲೆ ನರಿ, ಹಾವು, ಚೇಳುಗಳನ್ನು ಕೆತ್ತಿದರು. 1995ರಲ್ಲಿ ಪುರಾತತ್ವಜ್ಞ ಕ್ಲಾಸ್ ಷ್ಮಿಟ್ ಅಗೆತ ಶುರುಮಾಡುವ ಮೊದಲು ಇದನ್ನು ಹೇಳಿದ್ದರೆ ನೀವೇ ಅಸಾಧ್ಯ ಎನ್ನುತ್ತಿದ್ದಿರಿ.

ಕಲ್ಲುಕೊಡಲಿ: ಗೋಬೆಕ್ಲಿ ತೆಪೆಯ ಹೆಸರನ್ನು ಈ ಚಿತ್ರಕ್ಕಾಗಿ ಬಳಸಬೇಡಿ, ನನಗೆ ನಿಜಕ್ಕೂ ನೋವಾಗುತ್ತದೆ. ಲೋಹದ ಉಳಿಯಿಲ್ಲದೆ, ಚಕಮಕಿ ಕಲ್ಲಿನಿಂದ, ಎಳೆಯುವ ಪ್ರಾಣಿಯಿಲ್ಲದೆ ಜನರೇ ಕೂಡಿ ಮಾಡಿದ ಕೆಲಸ ಅದು. ಅದರ ದೊಡ್ಡತನ ಇರುವುದೇ ಅಲ್ಲಿ. ಎಮರಿಕ್ ಅದೇ ಯುಗವನ್ನು ತೆಗೆದುಕೊಂಡು ದೇವರೆಂದು ಮೆರೆಯುವ ಒಬ್ಬ ದೊರೆ, ಚಾವಟಿ, ಹಡಗು, ಗುಲಾಮರ ಸಾಲು ತುಂಬಿದರು. ನಿಜವಾದ ಬೇಟೆಗಾರರು ಕಟ್ಟಿದ್ದನ್ನು ಕಾಣದೆ, ಅವರನ್ನು ಯಾರದೋ ಕಟ್ಟಡಕ್ಕೆ ಕೂಲಿಗಳನ್ನಾಗಿ ಮಾಡಿದರು.

ದಂತಕಥೆ: ಕೂಲಿಗಳಲ್ಲ, ದಂಗೆ ಎದ್ದವರು! ಮ್ಯಾಮತ್‌ಗಳನ್ನು ಇಳಿಜಾರಿನಲ್ಲಿ ಕೆಳಕ್ಕೆ ನುಗ್ಗಿಸಿ, ಆ ದೇವರನ್ನು ಒಂದೇ ಈಟಿಯಿಂದ ಕೆಡವುತ್ತಾರೆ.

ಕಲ್ಲುಕೊಡಲಿ: ಚಿಕ್ಕ ಕಿವಿಯ ಮ್ಯಾಮತ್‌ಗಳನ್ನು.

ಕಿಡಿ: ಮತ್ತೆ ಕಿವಿ! ಕಡ್ಡಿ ಹೊಸೆಯುವ ದೃಶ್ಯಕ್ಕೆ ಯಾರೂ ಉತ್ತರಿಸಲಿಲ್ಲ.

ದಂತಕಥೆ: ಉತ್ತರ ಬೇಕೇ? ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು ಹತ್ತು ಲಕ್ಷ ವರ್ಷ ಹಿಂದಿನ ಬೂದಿ ಸಿಕ್ಕಿದೆ. ನಿಮ್ಮ ಚಿತ್ರದ ಜನ 80,000 ವರ್ಷ ಹಿಂದೆಯೂ ಬೆಂಕಿಗಾಗಿ ಪರದಾಡುತ್ತಾರೆ. ಅಲ್ಲಿ ಕಾಲದ ತಪ್ಪು ಕಾಣಲಿಲ್ಲವೇ?

ಕಿಡಿ: ಬೆಂಕಿಯನ್ನು ಬಳಸುವುದು ಬೇರೆ, ಹೊತ್ತಿಸುವುದು ಬೇರೆ. ಇಡೀ ಚಿತ್ರ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ದಯವಿಟ್ಟು ಮತ್ತೊಮ್ಮೆ ನೋಡಿ.

ಮೊದಲಸಾಲು: ಮುದುಕಿಯ ಉಸಿರಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಹಿಮಗಾಳಿ: “ಪಿರಮಿಡ್‌ಗಳ ಕಾಲಕ್ಕೂ ಮ್ಯಾಮತ್‌ಗಳ ಕಾಲಕ್ಕೂ ಯಾವ ಸಂಬಂಧವೂ ಇಲ್ಲ” ಎಂಬ ವಾಕ್ಯ ಮೇಲೆ ಇನ್ನೂ ಹಾಗೆಯೇ ಇದೆ.