ಕೃತಜ್ಞತೆಯ ಒಂದು ಮಾತೂ ಸಿಗದ ಸೇವೆಯನ್ನು ಮುಂದುವರಿಸುವುದು ಹೇಗೆ?

ಪ್ರಶ್ನೆ (ಧಾರವಾಡದ ಸಹೋದರಿ)

ಎಲ್ಲರಿಗೂ ವಂದನೆಗಳು. ನಮ್ಮ ಕ್ರೈಸ್ತ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಂಟಿಯಾಗಿದ್ದಾರೆ. ಊರಿನವರೆಲ್ಲ ಅವರನ್ನು ಈಗಲೂ ಅಕ್ಕೋರು ಎಂದೇ ಕರೆಯುತ್ತಾರೆ. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋದ ಮೇಲೆ, ಮೂರು ವರ್ಷಗಳಿಂದ ಮಧ್ಯಾಹ್ನದ ಊಟದ ಡಬ್ಬಿಯನ್ನು ನಾನೇ ಒಯ್ದು ಕೊಡುತ್ತಿದ್ದೇನೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಡುತ್ತೇನೆ, ವಾರಕ್ಕೊಮ್ಮೆ ಉಗುರು ತೆಗೆಯುತ್ತೇನೆ, ಹಾಸಿಗೆಯ ಬಟ್ಟೆ ಬದಲಿಸುತ್ತೇನೆ. ಸಾರು ನೀರಾಗಿದೆ, ಬರುವುದು ತಡವಾಯಿತು ಎಂಬ ಮಾತುಗಳ ಹೊರತು ಬೇರೇನನ್ನೂ ಅವರ ಬಾಯಿಂದ ಕೇಳಿಲ್ಲ. ಹೋದ ತಿಂಗಳು ನೋಡಲು ಬಂದ ಸಭೆಯ ಹೆಂಗಸರೆದುರು, ನಾನು ಮನೆಯಲ್ಲಿ ಉಳಿದದ್ದನ್ನು ತಂದು ಹಾಕುತ್ತೇನೆಂದು ಹೇಳಿದರಂತೆ. ಆ ರಾತ್ರಿ ನಾನು ಅತ್ತುಬಿಟ್ಟೆ. ಮರುದಿನ ಡಬ್ಬಿ ಕಟ್ಟಿದ್ದು ಕೈ ಮಾತ್ರ, ಮನಸ್ಸಲ್ಲ. ಪ್ರೀತಿ ಬತ್ತಿಹೋಗಿ ರೂಢಿಯಷ್ಟೇ ಉಳಿದಿರುವ ಇಂಥ ಸೇವೆ ದೇವರ ಮುಂದೆ ಕಪಟವಾಗುವುದಿಲ್ಲವೇ? ನಿಲ್ಲಿಸಿಬಿಡುವುದೇ ಪ್ರಾಮಾಣಿಕವೇ?

ಉತ್ತರ 1 (ನಿವೃತ್ತ ಸಭಾಪಾಲಕರು)

ಸಹೋದರಿ, ಮೊದಲನೆಯದಾಗಿ, ನಿಮಗಾದ ನೋವನ್ನು ಪಾಪವೆಂದು ಎಣಿಸಬೇಡಿರಿ. ಬೈಬಲಿನ ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನಿಂದ ಗುಣಹೊಂದುತ್ತಾರೆ. ತಿರುಗಿ ಬಂದು ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಯೆಹೂದ್ಯರು ಅನ್ಯನೆಂದು ದೂರವಿಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕರ್ತನು ಕೇಳಿದನು. ಕೃತಜ್ಞತೆಯ ಪಾಠ ಹೇಳುವ ಅವಸರದಲ್ಲಿ ನಾವು ಪ್ರಸಂಗಿಗಳು ಆ ಪ್ರಶ್ನೆಯನ್ನು ಬೇಗ ದಾಟಿಬಿಡುತ್ತೇವೆ. ನಾನೂ ಎಷ್ಟೋ ಸಲ ದಾಟಿದ್ದೇನೆ. ಬಾರದವರನ್ನು ಆತನೂ ಎಣಿಸಿದ್ದನು. ಆದರೆ ಆ ಒಂಬತ್ತು ಮಂದಿಗೆ ಕೊಟ್ಟ ಸ್ವಸ್ಥತೆಯನ್ನು ಹಿಂದಕ್ಕೆ ತೆಗೆದುಕೊಂಡನೆಂದು ಲೂಕನು ಬರೆದಿಲ್ಲ. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯವನ್ನೂ ಓದಿರಿ: ನಿಮಗಾಗಿ ನನ್ನನ್ನೇ ವೆಚ್ಚಮಾಡಿಕೊಳ್ಳುತ್ತೇನೆ ಎನ್ನುವ ಅದೇ ಉಸಿರಿನಲ್ಲಿ, ನಾನು ಹೆಚ್ಚು ಪ್ರೀತಿಸಿದಷ್ಟೂ ನನಗೆ ಸಿಗುವ ಪ್ರೀತಿ ಕಡಿಮೆಯಾಗಬೇಕೇ ಎಂದೂ ಅವನು ಕೇಳುತ್ತಾನೆ. ಮನಸ್ಸು ಬತ್ತಿದ ದಿನವೂ ನೀವು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಒಯ್ದಿರಲ್ಲವೇ? ಅದು ಕಪಟವಲ್ಲ.

ಉತ್ತರ 2 (ಮಂಗಳೂರಿನ ಕಥೋಲಿಕ ಓದುಗ)

ನನಗೆ ಸಂತ ದಮಿಯಾನರ ನೆನಪಾಯಿತು. ಬೆಲ್ಜಿಯಂ ದೇಶದ ಈ ಗುರುಗಳು 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ, ಕುಷ್ಠರೋಗಿಗಳನ್ನು ತಂದು ಬಿಡುತ್ತಿದ್ದ ಜಾಗಕ್ಕೆ ಹೋದರು. ಅಲ್ಲಿ ಅವರು ರೋಗಿಗಳ ಗಾಯ ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿದರು, ಗುಂಡಿ ತೋಡಿದರು. ಕೊನೆಗೆ ಅದೇ ರೋಗ ತಗುಲಿ 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸತ್ತ ವರ್ಷವೇ ಹೊನೊಲುಲುವಿನ ಪಾದ್ರಿಯೊಬ್ಬರು, ಆತ ಕೊಳಕ, ಹಟಮಾರಿ ಎಂದು ಪತ್ರ ಬರೆದರು. ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿದ್ದು 2009ರಲ್ಲಿ. ಆ ಗೌರವದ ಒಂದು ಮಾತೂ ಗಾಯ ತೊಳೆಯುತ್ತಿದ್ದ ಆ ಮನುಷ್ಯನ ಕಿವಿಗೆ ಬೀಳಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನ್ನ ದೂರುಗಳು ತಣ್ಣಗಾಗುತ್ತವೆ.

ಉತ್ತರ 3 (ಹುಬ್ಬಳ್ಳಿಯ ಸಹೋದರ)

ದಮಿಯಾನರ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ದಣಿದವರೆದುರು ಸಂತರನ್ನು ನಿಲ್ಲಿಸಿದರೆ ಅವರ ದಣಿವಿನ ಮೇಲೆ ಅಪರಾಧಭಾವವೂ ಸೇರುತ್ತದೆಂಬ ಭಯ ನನ್ನದು. ಊಟಮಾಡಲೂ ಬಿಡುವಿಲ್ಲದ ಶಿಷ್ಯರಿಗೆ ಏಕಾಂತಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರಿ ಎಂದು ಯೇಸು ಹೇಳಿದ್ದು ಮಾರ್ಕನ 6ನೆಯ ಅಧ್ಯಾಯದಲ್ಲಿದೆ. ಇಡೀ ಸಭೆಯ ಹೊಣೆಯನ್ನು ನೀವೊಬ್ಬರೇ ಹೊತ್ತಿದ್ದೀರಿ. ವಾರದಲ್ಲಿ ಎರಡು ದಿನವಾದರೂ ಬೇರೆಯವರ ಸರದಿ ಮಾಡಿಸಿ. ಆ ಮಾತನ್ನು ಕೇಳಿಸಿಕೊಂಡ ಹೆಂಗಸರಿಂದಲೇ ಆರಂಭಿಸಬಹುದು.

ಇನ್ನೊಂದು ವಿಷಯ. ನಮ್ಮ ತಂದೆಯವರೂ ಶಿಕ್ಷಕರಾಗಿದ್ದವರು, ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಜೀವನವಿಡೀ ಹೇಳಿಕೊಟ್ಟ ಮನುಷ್ಯನಿಗೆ ಇನ್ನೊಬ್ಬರು ತುತ್ತು ಬಾಯಿಗಿಡುವುದು ಎಂಥ ಅವಮಾನವೆಂಬುದು, ಅವರು ನನ್ನ ಕೈಯಿಂದ ಚಮಚೆಯನ್ನು ತಳ್ಳಿದ ದಿನ ನನಗೆ ಅರ್ಥವಾಯಿತು. ನಿಮ್ಮ ಅಕ್ಕೋರು ಡಬ್ಬಿಯನ್ನು ತೊಳೆದು ಕೊಡುತ್ತಾರೆಯೇ? ಹಾಗಿದ್ದರೆ ಒಂದೇ ಕೈಯಲ್ಲಿ ಡಬ್ಬಿ ತೊಳೆಯುವುದನ್ನೇ ಅವರ ಕೃತಜ್ಞತೆಯೆಂದು ತಿಳಿಯಬಹುದೇನೋ.

ಪ್ರಶ್ನೆ ಕೇಳಿದ ಸಹೋದರಿ

ಎಲ್ಲರಿಗೂ ಧನ್ಯವಾದಗಳು. ಡಬ್ಬಿಯನ್ನು ತೊಳೆದಿಡುವುದು ಪಕ್ಕದ ಮನೆಯ ಹುಡುಗಿ. ಆ ಸಮಾಧಾನವನ್ನು ನಾನು ತೆಗೆದುಕೊಳ್ಳುವಂತಿಲ್ಲ. ಆದರೆ ಚಮಚೆ ತಳ್ಳಿದ ಪ್ರಸಂಗವನ್ನು ಓದಿದ ಮೇಲೆ, ನಿನ್ನೆ ಅವರಿಗೆ ತಿನ್ನಿಸಲು ಹೋಗದೆ ರೊಟ್ಟಿಯನ್ನು ಚಿಕ್ಕ ಚೂರುಗಳಾಗಿ ಮಾಡಿ ತಟ್ಟೆಯನ್ನು ಎಡಗೈಯ ಪಕ್ಕಕ್ಕೆ ಸರಿಸಿಟ್ಟು, ನಾನು ಕಿಟಕಿಯ ಕಡೆ ಮುಖಮಾಡಿ ಹಾಸಿಗೆಯ ಬಟ್ಟೆ ಮಡಚುತ್ತ ನಿಂತೆ. ಅರ್ಧ ಗಂಟೆ ಹಿಡಿಯಿತು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರು. ತಟ್ಟೆ ಖಾಲಿಯಾಗಿತ್ತು.

ಸಭೆಯ ಇಬ್ಬರು ಹೆಂಗಸರು ಮಂಗಳವಾರ ಮತ್ತು ಶುಕ್ರವಾರದ ಊಟಕ್ಕೆ ಒಪ್ಪಿದ್ದಾರೆ. ಉಳಿದ ದಿನ ನಾನು ಹೋಗುತ್ತೇನೆ.