ಹಳೇ ಕಾರಿನ ಪ್ಲಾಸ್ಟಿಕ್ ಮುಟ್ಟಿದ್ರ ಮುರೀತೈತಿ, ವೈರ್ ಕಡಕ್ ಆಗ್ಯಾವು, ಮಾಡಿದವ್ರು ಹೇಳ್ರಿ

ಗದಗಿಂದ ಕೇಳಿದ್ದು:
ಅಪ್ಪಾರ 1998ರ ಮಾರುತಿ 800 ಐತ್ರಿ, ಮಾರಾಕ ಮನಸಿಲ್ಲ. ಮೀಟರ್ ಬಲ್ಬ್ ಹಾಕಾಕಂತ ಮುಂದಿನ ಪ್ಲಾಸ್ಟಿಕ್ ಬಿಚ್ಚಿದ್ರ ಎರಡು ಕ್ಲಿಪ್ ಮುರದ್ವು, ಹೆಡ್‌ಲೈಟ್ ಹಿಂದಿನ ವೈರ್ ಮುಟ್ಟಿದ್ರ ಮ್ಯಾಲಿನ ಸಿಪ್ಪಿ ಉದುರಾಕತ್ತೈತಿ. ಎಲ್ಲಾ ಹೊಸಾದ್ ಹಾಕಸಬೇಕೋ, ರಿಪೇರಿ ಆಗತೈತೋ?

ಹುಬ್ಬಳ್ಳಿಂದ:
ಅಣ್ಣಾರ, ನಂದು 1996ರ ಝೆನ್. ನಿಮ್ಮಂಗ ಸುರು ಮಾಡಿ ನಾನೂ ಸಾಕಷ್ಟು ಮುರದೀನಿ. ಮೊದಲ ಹೇಳಿಬಿಡ್ತೀನಿ, ಕಡಕ್ ಆದದ್ದನ್ನ ಹೊಳ್ಳಿ ಮೆತ್ತಗ ಮಾಡೂ ಔಷಧ ಯಾವುದೂ ಇಲ್ಲ. ವೈರ್ ಮ್ಯಾಲಿನ ಪಿವಿಸಿ ಮೆತ್ತಗಿರ್ಲಿ ಅಂತ ಮಾಡೂಮುಂದ ಎಣ್ಣಿಯಂಥಾದ್ದೊಂದು ಕಲಸಿರ್ತಾರ, ಪ್ಲಾಸ್ಟಿಸೈಜರ್ ಅಂತಾರ, ಇಂಜಿನ್ ಕಾವಿಗೆ ಅದು ವರ್ಷಾನುಗಟ್ಟಲೆ ಆರಿಕೋತ ಹೋಗಿ ಕಡೀಕ ಕಡಕ್ ರೊಟ್ಟಿ ಉಳೀತೈತಿ. ಡ್ಯಾಶ್‌ಬೋರ್ಡ್ ಕೆಡಸೂದು ಬಿಸಲು, ಮೇ ತಿಂಗಳದಾಗ ಕಾಜ ಮುಚ್ಚಿ ನಿಲ್ಲಿಸಿದ ಗಾಡಿ ಬಗ್ಗೆ ಗದಗಿನವ್ರಿಗೆ ನಾ ಏನ್ ಹೇಳೂದು. ಕೊಬ್ರಿ ಎಣ್ಣಿ, ಪಾಲಿಶ್ ಹಚ್ಚಿದ್ರ ಮಿಂಚತೈತಿ ಅಷ್ಟ, ಬಲ ಬರಂಗಿಲ್ಲ.

ಥಂಡ್ಯಾಗ ಬಿಚ್ಚಬ್ಯಾಡ್ರಿ. ನಾ ಜನವರ್ಯಾಗ ಮುಂಜಾನೆ ಏಳಕ್ಕ, ಉಣಕಲ್ ಕೆರಿ ಕಡಿಂದ ಥಂಡಗಾಳಿ ಬೀಸಾಕತ್ತಿತ್ತು, ಎಸಿ ಗ್ರಿಲ್ಲಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿದ್ನಿ, ಖಟಕ್ ಅಂತು, ಮುರದ ಕಿವಿ ಒಳಗ ಬಿತ್ತು, ಇವತ್ತಿಗೂ ಬ್ಲೋವರ್ ಹಾಕಿದ್ರ ಕೂಸಿನ ಗಿಲಕಿ ಆಡಿಸಿದಂಗ ಸಪ್ಪಳ ಬರತೈತಿ. ಈಗ ಗಾಡಿ ಒಂದ್ ತಾಸು ಬಿಸಲಿಗೆ ನಿಲ್ಲಸ್ತೀನಿ, ಇಲ್ಲಾ ಮನಿಯವರ ಹೇರ್ ಡ್ರೈಯರ್ ಎರಡ್ಮೂರ್ ನಿಮಿಷ ಹಿಡೀತೀನಿ (ಹೇಳದ ತಗೊಂಡ್ರ ಜಗಳ ಗ್ಯಾರಂಟಿ), ಕೈಗೆ ಬೆಚ್ಚಗ ಹತ್ತಿದ ಮ್ಯಾಲೆ ಪ್ಲಾಸ್ಟಿಕ್ ಪಟ್ಟಿಲೆ ಸಾವಕಾಶ ಎಬ್ಬಸ್ತೀನಿ. ಹೀಟ್ ಗನ್ ಬ್ಯಾಡ್ರಿ, ಸೊಟ್ಟ ಆಗತೈತಿ.

ಮುರದ ತುಂಡು ಒಗೀಬ್ಯಾಡ್ರಿ. ಪಾರ್ಟ್ ಹಿಂದ ತಿರುವಿ ನೋಡ್ರಿ, ಭಾಳ ಪಾರ್ಟಿನ ಮ್ಯಾಲೆ ಯಾವ ಪ್ಲಾಸ್ಟಿಕ್ ಅಂತ ಸಣ್ಣ ಅಕ್ಷರದಾಗ ಒತ್ತಿರ್ತಾರ. ಎಬಿಎಸ್ ಅಂತ ಇದ್ರ ನಶೀಬ್ ಚಲೋ. ಗುಜರಿಯಾಗಿಂದ ಎಬಿಎಸ್ ಚೂರು ತಂದು ಗಾಜಿನ ಬಾಟ್ಲ್ಯಾಗ ಅಸಿಟೋನ್ ಹಾಕಿ ಒಂದ್ ರಾತ್ರಿ ಬಿಟ್ರ ದ್ವಾಸಿ ಹಿಟ್ಟಿನಂಗ ಆಗತೈತಿ, ಅದನ್ನ ಹಿಂದಿನ ಬದಿಗೆ ಹಚ್ಚಿ ಪೂರಾ ಒಂದ್ ದಿನ ಆರಾಕ ಬಿಡ್ರಿ, ಫೆವಿಕ್ವಿಕ್‌ಗಿಂತ ಎಷ್ಟೋ ಪಾಲು ಗಟ್ಟಿ. ಮುಂದಿನ ಬದಿಗೆ ತಾಗಿದ್ರ ಕಲೆ ಹೋಗಂಗಿಲ್ಲ. ಪಿಪಿ (ಪಾಲಿಪ್ರೊಪಿಲೀನ್) ಅಂತ ಇದ್ರ ಅಸಿಟೋನೂ ಹಿಡ್ಯಂಗಿಲ್ಲ ಅರಾಲ್ಡೈಟೂ ನಿಲ್ಲಂಗಿಲ್ಲ, ಸೋಲ್ಡರಿಂಗ್ ಐರನ್‌ಲೆ ಸಣ್ಣ ಸ್ಟೀಲ್ ಜಾಳಗಿ ಒತ್ತಿ ಕರಗಿಸಿ ಕೂಡಸಬೇಕು. ಎರಡೂ ಕೆಲಸ ಬಯಲಾಗ ಮಾಡ್ರಿ, ಅಸಿಟೋನ್ ಹತ್ರ ಬೀಡಿ ಸಿಗರೇಟ್ ತರಬ್ಯಾಡ್ರಿ.

ವೈರ್ ವಿಷಯದಾಗ ಮಾತ್ರ ಜುಗ್ಗತನ ಬ್ಯಾಡ. ಬ್ಯಾಟರಿ ಮೈನಸ್ ಬಿಚ್ಚಿ ಸುರು ಮಾಡ್ರಿ. ಸಿಪ್ಪಿ ಉದುರಿದಲ್ಲಿ ಕರೀ ಟೇಪ್ ಸುತ್ತಿದ್ರ ಅದರ ಅಂಟು ಇಂಜಿನ್ ಕಾವಿಗೆ ಬೆಲ್ಲದ ಪಾಕ ಆಗಿ ಬಿಚ್ಚಿಕೋತೈತಿ. ವೈರ್ ಬಗ್ಗಿಸಿಕೋತ ಹಿಂದಕ್ಕ ಹೋಗ್ರಿ, ಎಲ್ಲಿ ಸಿಪ್ಪಿ ಮೆತ್ತಗ ಐತಿ, ಸುಲದ್ರ ತಾಮ್ರ ಕೆಂಪಗ ಮಿಂಚತೈತಿ, ಅಲ್ಲಿಂದ ಕಟ್ ಮಾಡಿ ಹೊಸಾದ್ ಹಾಕ್ರಿ. ಕರ್ರಗಾದ ತಾಮ್ರಕ್ಕ ಸೋಲ್ಡರೂ ಹಿಡ್ಯಂಗಿಲ್ಲ. ದಪ್ಪ ಮೊದಲಿನಷ್ಟರ ಇರಬೇಕು, ಒಂದೊಂದ ವೈರ್ ಮುಗಿಸಿ ಮುಂದಿಂದಕ್ಕ ಹೋಗ್ರಿ, ಎಲ್ಲಾ ಒಮ್ಮೆ ಕಟ್ ಮಾಡಿದ್ರ ಯಾವುದು ಎಲ್ಲಿಗೆ ಅಂತ ತಲಿ ಕೆಡತೈತಿ. ಕೂಡಿಸಿದಲ್ಲಿ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ (ಕಾಸಿದ್ರ ಬಿಗಿಯಾಗಿ ಕೂಡೂ ಪ್ಲಾಸ್ಟಿಕ್ ನಳಿಗಿ) ಹಾಕ್ರಿ. ವೈರ್ ಸಿಗಿಸೂ ಕಪ್ಲರಿನ ಬಾಯಿ ಕಂದಗಟ್ಟಿದ್ರ ಅದನ್ನೂ ಬದಲಿ ಮಾಡ್ರಿ. ಹಂಗ ಹೆಡ್‌ಲೈಟಿಗೆ ಒಂದ್ ರಿಲೇ (ಸಣ್ಣ ಕರೆಂಟಿಲೆ ದೊಡ್ಡ ಕರೆಂಟ್ ಹಾಕಿ ತಗಿಯೂ ಸ್ವಿಚ್ಚು) ಹಾಕಸ್ರಿ: 60 ವ್ಯಾಟಿನ ಎರಡು ಬಲ್ಬ್ ಅಂದ್ರ 12 ವೋಲ್ಟಿಗೆ 10 ಆಂಪಿಯರ್, ಅಷ್ಟೂ ಹಳೇ ಸ್ವಿಚ್ಚಿನಾಗ ಹಾಯ್ದು ಬಂದ್ರ ಅದೂ ಸುಡತೈತಿ, ಲೈಟೂ ಮಬ್ಬು. ರಿಲೇ ಹಾಕಿದ ಮ್ಯಾಲೆ ಅದ ಹಳೇ ಬಲ್ಬ್, ನವನಗರ ರೋಡಿನಾಗ ಹಗಲಾದಂಗ ಆತು.

ಹಾವೇರಿಂದ:
ಅವರಂದದ್ದು ಖರೆ, ಆದ್ರ ಸೋಲ್ಡರಿಗೆ ನಂದು ತಕರಾರು ಐತಿ. ಗಾಡಿ ನಡಗತಿರತೈತಿ, ಸೋಲ್ಡರ್ ಹೀರಿದ ಎಳಿ ಕಡ್ಡಿಯಂಗಾಗಿ ಅದರ ತುದೀಗೆ ತುಂಡಾಗತೈತಿ, ಸವಣೂರ ಹತ್ರ ರಾತ್ರಿ ಹನ್ನೊಂದಕ್ಕ ಎರಡೂ ಲೈಟ್ ಹೋಗಿ ಮೊಬೈಲ್ ಟಾರ್ಚ್‌ನಾಗ ಮನಿ ಮುಟ್ಟೀನಿ. ಚಲೋ ಇಕ್ಕಳದಾಗ ಕ್ರಿಂಪ್ ಮಾಡಿ (ಲೋಹದ ನಳಿಗ್ಯಾಗ ಎಳಿ ಇಟ್ಟು ಒತ್ತಿ ಬಿಗಿದು) ಸ್ಲೀವ್ ಹಾಕ್ರಿ. ಮತ್ತ ಅರ್ಥ್ (ಬ್ಯಾಟರಿ ಮೈನಸ್ಸಿಂದ ಗಾಡಿ ಮೈಗೆ ಹೋಗೂ ಜೋಡಣಿ) ನೋಡ್ರಿ: ಮಲ್ಟಿಮೀಟರಿನ ಒಂದ್ ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಮೈಗೆ ಹಿಡದು ಸೆಲ್ಫ್ ಹೊಡಸ್ರಿ, ಅರ್ಧ ವೋಲ್ಟ್ ದಾಟಿದ್ರ ಅರ್ಥ್ ಕೇಬಲ್ ಬಿಚ್ಚಿ ತುಕ್ಕು ಉಜ್ಜಬೇಕು. ಫ್ಯೂಸ್ ಡಬ್ಬಿನೂ ತಗದು ನೋಡ್ರಿ, ನಂದ್ರಾಗ ಯಾವನೋ ಮಿಸ್ತ್ರಿ ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳಿ ಸುತ್ತಿ ಇಟ್ಟಿದ್ದ, ಎರಡು ವರ್ಷ ಅದರ ಮ್ಯಾಲೆ ಓಡಾಡೀವಿ.

ಗದಗಿಂದ ಮತ್ತ:
ಆತ್ರಿ! ಬಿಸಲಿಗೆ ನಿಲ್ಲಿಸಿ ಬಿಚ್ಚಿದ್ನಿ, ಉಳದ ಕ್ಲಿಪ್ ಒಂದೂ ಮುರೀಲಿಲ್ಲ. ಹೆಡ್‌ಲೈಟ್ ವೈರ್ ಒಂದ್ ಮೊಳ ಹಿಂದ ಹೋದ ಮ್ಯಾಲೆ ಕೆಂಪ ತಾಮ್ರ ಸಿಕ್ತು, ಹಾವೇರಿಯವರ ಮಾತು ಕೇಳಿ ಕ್ರಿಂಪ್ ಮಾಡಿಸಿದ್ನಿ. ಮೀಟರ್ ಲೈಟ್ ಹತ್ತಿತು. ಅಪ್ಪಾರು ಒಳಗ ಕುಂತು ನೋಡಿ "ಎಲ್ಲಾ ಚಲೋ, ಪೆಟ್ರೋಲ್ ಮುಳ್ಳು ಯಾಕ ಏಳವಲ್ದು, ಯಾವ ವೈರ್ ಬಿಟ್ಟಿ?" ಅಂದ್ರು. ಎರಡು ತಾಸು ಹುಡುಕೀನ್ರಿ. ಪೆಟ್ರೋಲ್ ಇರಲಿಲ್ಲ.